ನಸುಕಿನ ಫೋಟೋ

ಅಂಗಳದ ದಾಸವಾಳವನ್ನು ದಿನವೂ ನಸುಕಿನಲ್ಲೇ ಯಾರೋ ಕಿತ್ತೊಯ್ಯುತ್ತಿದ್ದರು. ಕಳ್ಳರನ್ನು ಹಿಡಿಯಲೇಬೇಕೆಂದು ವಿಶಾಲಾಕ್ಷಮ್ಮ ಒಂದು ತಿಂಗಳು ಆನ್‌ಲೈನ್‌ನಲ್ಲಿ ಕ್ಯಾಮೆರಾ ಹುಡುಕಿದರು. ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ಓದಿ, ನಾಲ್ಕು ಕಡೆ ಬೆಲೆ ಹೋಲಿಸಿ, ವಾರಂಟಿ ವಿಚಾರಿಸಿ, ಕೊನೆಗೆ ಮಬ್ಬುಗತ್ತಲಲ್ಲೂ ಮುಖ ಸ್ಪಷ್ಟವಾಗಿ ಹಿಡಿಯುವಂಥದ್ದನ್ನೇ ತರಿಸಿದರು.

ಮೊದಲ ಫೋಟೋದಲ್ಲೇ ಪಕ್ಕದ ಮನೆಯ ಪದ್ಮಾವತಮ್ಮ ಹೂಬುಟ್ಟಿ ಸಮೇತ ಸಿಕ್ಕಿಬಿದ್ದರು. ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ ಅವರ ಬಾಗಿಲು ಬಡಿದರು.

"ನೋಡ್ರೀ ಇದನ್ನ! ಈಗೇನಂತೀರಿ?"

ಪದ್ಮಾವತಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ಅವರ ಮುಖ ಅರಳಿತು.

"ಅಯ್ಯೋ, ಹೋದ ವಾರ ನಾನೂ ಇದೇ ಕ್ಯಾಮೆರಾ ತರಿಸಿದೆ ಕಣ್ರೀ!" ಎನ್ನುತ್ತ ಒಳಗೆ ಹೋಗಿ ಒಂದು ಫೋಟೋ ತಂದು ಕೈಗಿತ್ತರು. "ನಮ್ಮ ನಂದಿಬಟ್ಟಲು ಕೀಳೋವಾಗ ನೀವೂ ಎಷ್ಟು ಲಕ್ಷಣವಾಗಿ ಬಂದಿದೀರಿ ನೋಡಿ!"