ಉಜ್ಜಿದಷ್ಟೂ ಕಪ್ಪು

"ಕದ್ದುಮುಚ್ಚಿ ಮಗುವಿಗೆ ಏನು ಕುಡಿಸ್ತಿದ್ದೀಯ, ಬಾಯಿಬಿಡು." ದೊಡ್ಡ ನರ್ಸು ಕೂಸಿನ ಕಪ್ಪು ಕಲೆಯ ಬಟ್ಟೆಯನ್ನು ಬಾಣಂತಿ ಹುಡುಗಿಯ ಮುಖದೆದುರು ಹಿಡಿದಳು. ಜ್ವರಕ್ಕೆಂದು ಸೇರಿಸಿದ್ದ ಮೂರು ತಿಂಗಳ ಕೂಸು ಅವಳ ಮಡಿಲಲ್ಲಿ ಕಾಲಾಡಿಸುತ್ತಿತ್ತು.

"ನನ್ನ ಹಾಲು ಬಿಟ್ರೆ ಏನೂ ಇಲ್ಲ ಸಿಸ್ಟರ್."

"ಹಾಲು ಕುಡಿದ ಕೂಸು ಮಸಿ ಉಚ್ಚೆ ಹೊಯ್ಯುತ್ತಾ? ಫೈಲಲ್ಲಿ ಬರೆದಿದ್ದೀನಿ. ವಿಚಾರಣೆ ಮುಗಿಯೋ ತನಕ ಮಗು ನಮ್ಮ ಹತ್ರ ಇರಲಿ, ನೀನು ಹೊರಗಿರು."

ಆಸ್ಪತ್ರೆಯ ಬಟ್ಟೆ ಒಗೆಯುವ ಅಜ್ಜಿ ಗಂಟು ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಮೊನ್ನೆ ಇದೇ ಬಟ್ಟೆಯನ್ನು ನರ್ಸು ಅವಳ ಮೇಲೆಸೆದು, "ಕೈಯಲ್ಲಿ ಕಸುವಿಲ್ವಾ? ಇನ್ನಷ್ಟು ಸೋಪು ಹಾಕು" ಅಂದಿದ್ದಳು. ಹಾಕಿದಷ್ಟೂ ಕಪ್ಪಾಗಿತ್ತು. ಅಂದು ಅಜ್ಜಿ ಬೈಗುಳ ನುಂಗಿಕೊಂಡು ಮತ್ತೆ ಒಗೆಯಲು ಕೂತಿದ್ದಳು. ತನ್ನನ್ನು ಅಂದದ್ದು ನುಂಗಬಹುದು. ಹೆತ್ತವಳ ಮಡಿಲಿಗೇ ಕೈ ಹಾಕಿದರೆ? ಗಂಟು ಧೊಪ್ಪನೆ ನೆಲಕ್ಕೆ ಬಿತ್ತು.

"ಏನಜ್ಜೀ, ನಿನ್ನನ್ಯಾರು ಕರೆದ್ರು?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರ ಹತ್ರ ಕರೀದೇನೇ ಬರಬೇಕಮ್ಮ."

ಮಂಚಗಳನ್ನು ನೋಡುತ್ತ ಬಂದ ಡಾಕ್ಟರು ಅಲ್ಲಿಯೇ ನಿಂತರು. ಅಜ್ಜಿ ಯಾರ ಅಪ್ಪಣೆಗೂ ಕಾಯಲಿಲ್ಲ. ಕೂಸಿನಡಿಯಿಂದ ಈಗಷ್ಟೇ ಒದ್ದೆಯಾದ ಬಟ್ಟೆ ಎಳೆದಳು. ಎಲ್ಲ ಮಕ್ಕಳ ಬಟ್ಟೆಯಂತೆ ತಿಳಿ ಹಳದಿ. ಸೊಂಟದ ಚೀಲದಲ್ಲಿದ್ದ ಒಗೆಯುವ ಸೋಡಾವನ್ನು ನೀರಲ್ಲಿ ಕದಡಿ ಅರ್ಧಕ್ಕೆ ಚಿಮುಕಿಸಿ, ಅರ್ಧ ಹಾಗೇ ಬಿಟ್ಟು, ಕಿಟಕಿಯ ಮೇಲೆ ಹರವಿದಳು. ನೋಡನೋಡುತ್ತಲೇ ಸೋಡಾ ಸೋಕಿದ ಭಾಗ ಕಂದಿ ಕಪ್ಪಾಯಿತು.

ಡಾಕ್ಟರು ಬಟ್ಟೆಯನ್ನು ಬೆಳಕಿಗೆ ಹಿಡಿದರು. "ಇದು ಹುಟ್ಟಿನಿಂದ ಬಂದದ್ದಿರಬೇಕು. ಆಹಾರದ ಒಂದು ಅಂಶ ಮೈಯೊಳಗೆ ಪೂರ್ತಿ ಕರಗದೆ ಅರ್ಧ ದಾರೀಲೇ ಉಳಿದುಬಿಡುತ್ತೆ. ಅದೇ ಹೊರಗೆ ಬಂದು ಕಪ್ಪಾಗೋದು. ಪರೀಕ್ಷೆಗೆ ಕಳಿಸೋಣ. ತಾಯೀದೇನೂ ತಪ್ಪಿಲ್ಲ. ಅಜ್ಜೀ, ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮಣ್ಣನ ಬಟ್ಟೆ ಹೀಗೇ ಆಗ್ತಿತ್ತು. ನಲವತ್ತಕ್ಕೇ ಬೆನ್ನು ಬಾಗಿ, ಮಂಡಿ ಹೋಗಿ, ಕಿವಿ ನೀಲಿಗಟ್ಟಿತು. ಈ ಕೂಸಿನ ಕೀಲು ಈಗಿಂದ್ಲೇ ನೋಡಿಕೊಳ್ಳಿ ಸ್ವಾಮಿ."

ಹುಡುಗಿ ಕೂಸನ್ನು ಎದೆಗವಚಿಕೊಂಡು ಅತ್ತಳು. ನರ್ಸು ಪೆನ್ನು ತೆಗೆದಳು. "ಸರಿ ಬಿಡಜ್ಜಿ, ಗೊತ್ತಾಯ್ತಲ್ಲ. ಬರೆದದ್ದನ್ನ ಹೊಡೆದುಹಾಕ್ತೀನಿ."

ಅಜ್ಜಿ ಗಂಟನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು.

"ನಮ್ಮಮ್ಮನ್ನ ಕೊಳಕಿ ಅಂದ್ರು. ಅಣ್ಣನ ಬಟ್ಟೆ ಉಜ್ಜಿ ಉಜ್ಜಿ ಅವಳ ಅಂಗೈ ಸಿಪ್ಪೆ ಎದ್ದಿತ್ತು. ಸಾಯೋ ತನಕ ಅದೇ ಹೆಸರು. ಅದನ್ನ ಯಾರೂ ಎಲ್ಲೂ ಬರೆದಿಲ್ಲ. ಹೇಗೆ ಹೊಡೆದುಹಾಕ್ತೀರಿ ಸಿಸ್ಟರಮ್ಮ?"