ಬಣ್ಣದ ಉಗುರು

ಅಮ್ಮನ ಕೈಯುಗುರು ಬೆಳೆಯುತ್ತಿದೆ ಎಂದು ಯಾರಾದರೂ ಚಿಂತೆ ಮಾಡುತ್ತಾರೆಯೇ? ಭವ್ಯಶ್ರೀ ಮಾಡುತ್ತಿದ್ದಳು. ಡೈರಿಯಲ್ಲಿ ಹಾಗೆಂದು ಒಂದು ಸಾಲು ಬರೆದು, ಓದಿದವರು ನಕ್ಕಾರು ಎಂದು ಆ ಪುಟವನ್ನು ಮಡಚಿಟ್ಟಿದ್ದಳು. ಅಮ್ಮ ಶಶಿಪ್ರಭಾ ಕುಲಶೇಖರದ ಗೇರುಬೀಜ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೀಜದ ಕೆಂಪು ಸಿಪ್ಪೆ ಬಿಡಿಸಿದವರು. ಸಿಪ್ಪೆಯ ಜೊತೆ ಉಗುರೂ ಸವೆದು ಬೆರಳ ತುದಿ ಸದಾ ಮೊಂಡಾಗಿರುತ್ತಿತ್ತು. ಅಮೆರಿಕದವರು ಸುಂಕ ಏರಿಸಿ ಆರ್ಡರು ನಿಂತ ಮೇಲೆ, ಸಿಪ್ಪೆ ಬಿಡಿಸುವ, ಅಂದರೆ ಪೀಲಿಂಗಿನ, ನಲವತ್ತು ಹೆಂಗಸರನ್ನೂ ಮನೆಗೆ ಕಳಿಸಿ ಎರಡು ತಿಂಗಳಾಗಿತ್ತು. ಅದೇ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಭವ್ಯಶ್ರೀಯ ಕೆಲಸ ಮಾತ್ರ ಉಳಿದಿತ್ತು.

ಆ ದಿನ ಬೆಳಿಗ್ಗೆ ಧಣಿ ಜಿತೇಶ್ ಶೆಟ್ಟರು ಅವಸರದಿಂದ ಒಳಗೆ ಬಂದರು. "ಭವ್ಯಾ, ಸರ್ಕಾರದ ನೆರವಿಗೆ ಅರ್ಜಿ ಹಾಕಿದ್ದೆವಲ್ಲ, ಅಲ್ಲಿಯ ಅಧಿಕಾರಿ ಮೇಡಂ ಹನ್ನೊಂದಕ್ಕೆ ನೋಡ್ಲಿಕ್ಕೆ ಬರ್ತಾರಂತೆ. ಪೀಲಿಂಗಿನ ಎಲ್ಲರಿಗೂ ಫೋನ್ ಮಾಡು. ಬೇಗ!"

ರಫ್ತು ಬಿದ್ದುಹೋದ ಕಾರ್ಖಾನೆಗಳಿಗೆ ಬೇರೆ ದೇಶದ ಗಿರಾಕಿ ಹುಡುಕಲು, ಹೊಸ ಪ್ಯಾಕಿಂಗ್ ಮಾಡಲು ಕೊಡುವ ನೆರವು ಅದು. ಕೆಲಸದವರನ್ನು ತೆಗೆದಿರಬಾರದು ಎಂಬುದೊಂದೇ ಷರತ್ತು. 'ಒಬ್ಬರನ್ನೂ ತೆಗೆದಿಲ್ಲ' ಎಂದು ಅರ್ಜಿಯಲ್ಲಿ ಟೈಪು ಮಾಡಿದವಳು ಭವ್ಯಶ್ರೀಯೇ.

"ಕೆಲಸ ಶುರುವಾಯ್ತಾ ಅಂತ ಕೇಳಿದ್ರೆ ಎಂತ ಹೇಳುವುದು ಸರ್?"

"ಇವತ್ತು ಉಂಟು ಅಂತ ಹೇಳು. ಅದು ಸುಳ್ಳಲ್ಲ ಅಲ್ವಾ ಮಾರಾಯ್ತಿ! ನೆರವು ಸಿಕ್ಕಿದ್ರೆ ದುಬೈಗೋ ಜಪಾನಿಗೋ ಮಾಲು ಕಳಿಸುವ. ಆಗ ಮೊದಲು ಕರೆಯುವುದು ಇವರನ್ನೇ." ಧಣಿ ಮನಸ್ಸಿನಿಂದಲೇ ಹೇಳಿದ ಮಾತು. ಅದಕ್ಕೇ ಅವಳು ಫೋನು ಕೈಗೆತ್ತಿಕೊಂಡಳು.

ಅಮ್ಮನಿಗೆ ಕಟ್ಟಕಡೆಗೆ ಫೋನ್ ಮಾಡಿದಳು. "ಕೆಲಸ ಉಂಟಾ? ನಿಜವಾ?" ಎಂದರು ಅಮ್ಮ. "ಬಾ ಅಮ್ಮ" ಎಂದಷ್ಟೇ ಹೇಳಿ ಇಟ್ಟಳು. ಬಿಕರ್ನಕಟ್ಟೆಯ ಮನೆಯಿಂದ ನಡೆದೇ ಬಂದ ಅಮ್ಮನ ಕೈಯಲ್ಲಿ ಬುತ್ತಿ ಇತ್ತು, ಎರಡು ತಿಂಗಳ ಹಿಂದಿನ ಅದೇ ಚೀಲದಲ್ಲಿ. ದಿನಾ ಗೇಟಿನಲ್ಲಿ ನಿಲ್ಲಿಸಿ ಉಗುರು ನೋಡಿಯೇ ಒಳಗೆ ಬಿಡುವುದು ಕಾರ್ಖಾನೆಯ ರೂಢಿ. ಆ ದಿನದ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಅಧಿಕಾರಿ ರೇಚಲ್ ಮೇಡಂ ಮೆಲ್ಲಮೆಲ್ಲನೆ ಸಾಲು ಸಾಲಾಗಿ ನೋಡುತ್ತ ಬಂದರು. ಹಿಂದೆ ಧಣಿ, ಅವರ ಹಿಂದೆ ಫೈಲು ಹಿಡಿದ ಭವ್ಯಶ್ರೀ. ಮೂರನೆಯ ಮೇಜಿನ ಹತ್ತಿರ ಮೇಡಂ ನಿಂತರು. ಶಶಿಪ್ರಭಾ ಬೆರಳುಗಳನ್ನು ಬೀಜದ ರಾಶಿಯೊಳಗೆ ಹುದುಗಿಸಿಕೊಂಡಿದ್ದರು.

"ಅಕ್ಕಾ, ಕೈ ತೋರಿಸಿ."

ಹತ್ತು ಬೆರಳಲ್ಲೂ ನೀಳ ಉಗುರು, ಮೇಲೆ ಗುಲಾಬಿ ಬಣ್ಣ. ಕಳೆದ ವಾರ ನೆರೆಮನೆಯ ಮನ್ವಿತಾಳ ಮದುವೆಗೆ ಹುಡುಗಿಯರು ಹಿಡಿದು ಕೂರಿಸಿ ಹಚ್ಚಿದ್ದು. "ಈ ಪ್ರಾಯದಲ್ಲಿ ನನಗೆ ಇದೆಲ್ಲ ಎಂತಕ್ಕೆ" ಎನ್ನುತ್ತಲೇ ಅಮ್ಮ ಆ ದಿನವೆಲ್ಲ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡದ್ದು ಭವ್ಯಶ್ರೀಗೆ ನೆನಪಾಯಿತು.

"ಎಂತ ಶೆಟ್ಟರೇ ಇದು? ತಿನ್ನುವ ಬೀಜ. ಪೀಲಿಂಗಿನಲ್ಲಿ ನೇಲ್ ಪಾಲಿಶಾ?" ಮೇಡಂ ಪೆನ್ನು ತೆಗೆದರು.

"ಅಯ್ಯೋ, ಎಷ್ಟು ಹೇಳಿದ್ರೂ ಅಷ್ಟೇ ಮೇಡಂ ಇವರು. ಶಿಸ್ತು ಇಲ್ಲ." ಧಣಿಯ ಮುಖ ಕಳೆಗುಂದಿತು. ಅಮ್ಮನ ಕಡೆ ತಿರುಗಿ, "ಶಶಿಯಕ್ಕಾ, ನೀವು ನಾಳೆಯಿಂದ ಬರುವುದು ಬೇಡ" ಎಂದರು.

"ತಪ್ಪಾಯ್ತು ಧಣಿ. ಈಗಲೇ ಕೆರೆದು ತೆಗೀತೇನೆ." ಅಮ್ಮ ಸಿಪ್ಪೆ ಬಿಡಿಸುವ ಚೂರಿಯನ್ನೇ ಎತ್ತಿಕೊಂಡು ಹೆಬ್ಬೆರಳ ಉಗುರಿಗೆ ಹಿಡಿದರು. ಮೂವತ್ತೊಂಬತ್ತು ಹೆಂಗಸರು ತಲೆ ತಗ್ಗಿಸಿ ಬೀಜ ನೋಡುತ್ತ ಕುಳಿತರು.

ಭವ್ಯಶ್ರೀ ಫೈಲನ್ನು ಮೇಜಿನ ಮೇಲಿಟ್ಟು ಅಮ್ಮನ ಕೈಯಿಂದ ಚೂರಿ ತೆಗೆದುಕೊಂಡಳು. ಅಷ್ಟು ಜನರ ನಡುವೆ ತನ್ನ ದನಿ ಹೇಗೆ ಕೇಳಿಸುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಇವರು ನನ್ನ ಅಮ್ಮ, ಮೇಡಂ. ಇಪ್ಪತ್ತೆರಡು ವರ್ಷ ಬಣ್ಣ ಹಚ್ಚುವಷ್ಟು ಉಗುರೇ ಇರಲಿಲ್ಲ ಇವರಿಗೆ. ಎರಡು ತಿಂಗಳಿಂದ ಕೆಲಸ ಇಲ್ಲ, ಹಾಗೆ ಬೆಳೆದದ್ದು."