ಅಂಗೈ ಮೇಲಿನ ಹಕ್ಕಿ

ತಂಗಿ ಬೆರಳು ಬಿಡಿಸಿದಳು. ಹಕ್ಕಿ ಹಾರಲಿಲ್ಲ. ಕಾಲಿಗೆ ಆಗಷ್ಟೇ ತೊಡಿಸಿದ್ದ ಗುರುತಿನ ಉಂಗುರದೊಂದಿಗೆ ಅಂಗೈ ಮೇಲೆ ಅಂಗಾತ ಬಿದ್ದುಕೊಂಡು ಪಿಳಿಪಿಳಿ ನೋಡುತ್ತಿತ್ತು.

"ಅಯ್ಯೋ ಅಕ್ಕಾ, ಏನೋ ಆಗೋಯ್ತು ಇದಕ್ಕೆ!"

"ಏನೂ ಆಗಿಲ್ಲ ಕಣೇ. ಬೆನ್ನ ಮೇಲೆ ಮಲಗಿಸಿದ್ರೆ ಹೀಗೇ. ಕೈ ಬಿಟ್ಟಿದೀವಿ ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ," ಎಂದಳು ಅಕ್ಕ, ಬಲೆ ಮಡಿಸುತ್ತಾ. ವರ್ಷವರ್ಷವೂ ಬೆಂಕಿ ಬೀಳುವ ಈ ಕೆರೆಯಂಚಿನ ಜೊಂಡಿಗೇ ಈ ಹಕ್ಕಿಗಳು ಯಾಕೆ ಮರಳುತ್ತವೆ ಎಂಬುದು ಅವಳ ಸಂಶೋಧನೆ. ಗಂಡನ ಮನೆ ಬಿಟ್ಟು ಬಂದಿದ್ದ ತಂಗಿಯನ್ನು ಒಬ್ಬಳೇ ಬಿಡಲು ಮನಸ್ಸಾಗದೆ ಬೆಳಿಗ್ಗೆ ಜೊತೆಗೇ ಕರೆತಂದಿದ್ದಳು. ತಂಗಿಯ ತೋಳಿನ ಮೇಲೆ ಮೂಡಿದ್ದ ಬೆರಳ ಗುರುತುಗಳು ಇನ್ನೂ ಮಾಸಿರಲಿಲ್ಲ.

"ಎಂಥಾ ಪೆದ್ದು ಹಕ್ಕಿ!" ತಂಗಿ ನಕ್ಕಳು. ಬಂದ ಮೇಲೆ ನಕ್ಕಿದ್ದು ಇದೇ ಮೊದಲು. "ಎದ್ದು ಹೋಗೇ, ಯಾರೂ ಹಿಡ್ಕೊಂಡಿಲ್ಲ ನಿನ್ನ."

ಅವಳ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಆ ಸದ್ದಿಗೆ ಹಕ್ಕಿ ಮಗುಚಿ, ಭರ್ರನೆ ಹಾರಿ, ಜೊಂಡಿನೊಳಗೆ ಮರೆಯಾಯಿತು.

"ತೆಗೀಬೇಡ ಕಣೇ," ಎಂದಳು ಅಕ್ಕ.

ಅಷ್ಟರಲ್ಲಿ ತಂಗಿ ಇನ್ನೊಂದು ಕೈಯಿಂದ ಫೋನನ್ನು ಕಿವಿಗಿಟ್ಟುಕೊಂಡು ಎದ್ದು ನಿಂತಾಗಿತ್ತು. ಖಾಲಿ ಅಂಗೈಯನ್ನು ಇನ್ನೂ ಅಲುಗಿಸದೆ ಹಾಗೇ ಚಾಚಿಕೊಂಡಿದ್ದಳು.

"ಹೂಂ ರೀ... ಇಲ್ಲ ರೀ, ಹೊರಟೆ. ಹೊರಟೇಬಿಟ್ಟೆ."